ಗಿರಿವಾಸಿ ಜೀವಿಗಳೂ ಶ್ರಾವಕಧರ್ಮವೂ

(ಕಮಲಾಪುರದಲ್ಲಿ ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಅಹಿಂಸೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಮಿತಿಯವರು ನನಗೆ ಅಪ್ಪಣೆ ಮಾಡಿದ್ದಾರೆ. ಈ ಸಭೆಗೆ ಅಹಿಂಸೆಯನ್ನು ಕುರಿತು ಹೇಳುವುದೆಂದರೆ ತುಂಬಿದ ಕೆರೆಗೆ ಕೊಡದಿಂದ ನೀರು ಹೊಯ್ದಂತೆ. ಆದಕಾರಣ ಆ ವಿಶಾಲ ವಿಷಯದ ಒಂದು ಸಣ್ಣ ಮೂಲೆಯನ್ನು ಮಾತ್ರ ಆರಿಸಿಕೊಂಡಿದ್ದೇನೆ. ಬೆಟ್ಟಗುಡ್ಡಗಳ ಮೇಲೆ ವಾಸಿಸುವ ಮೂಕಜೀವಿಗಳಿಗೆ ಈಚಿನ ದಶಕಗಳಲ್ಲಿ ಏರುತ್ತಿರುವ ಬಿಸಿಲಿನಿಂದ ಏನಾಗುತ್ತಿದೆ, ಅದರಲ್ಲಿ ನಮ್ಮ ಪಾಲು ಎಷ್ಟು ಎಂಬುದೇ ಇಂದಿನ ನನ್ನ ವಿಷಯ.

ಬಯಲು ಸೀಮೆಯ ಕಮಲಾಪುರದಲ್ಲಿ ನಿಂತು ಪರ್ವತದ ಪ್ರಾಣಿಗಳ ಚಿಂತೆ ಏಕೆ ಎಂದು ತಾವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಮ್ಮ ತೀರ್ಥಗಳನ್ನು ಒಮ್ಮೆ ನೆನೆಯಿರಿ. ಭಗವಾನ್ ವೃಷಭನಾಥರ ನಿರ್ವಾಣಭೂಮಿ ಕೈಲಾಸ. ಇಪ್ಪತ್ತು ಮಂದಿ ತೀರ್ಥಂಕರರದು ಸಮ್ಮೇದಶಿಖರ. ನೇಮಿನಾಥರದು ಊರ್ಜಯಂತ, ಅಂದರೆ ಇಂದಿನ ಗಿರ್ನಾರ್. ಕರ್ನಾಟಕಕ್ಕೆ ಬಂದರೆ ಚಂದ್ರಗಿರಿ, ವಿಂಧ್ಯಗಿರಿ, ಕುಂದಾದ್ರಿ, ಕನಕಗಿರಿ. ನಮ್ಮ ಹಿರಿಯರು ಮುಕ್ತಿಮಾರ್ಗವನ್ನು ಹುಡುಕಿದ್ದು ಬೆಟ್ಟ ಹತ್ತಿ. ಆ ಬೆಟ್ಟಗಳಲ್ಲಿ ಅವರಿಗಿಂತ ಮೊದಲೇ ಮನೆ ಮಾಡಿಕೊಂಡಿದ್ದ ಜೀವಿಗಳಿದ್ದವು, ಇಂದಿಗೂ ಕೆಲವು ಇವೆ. ಬಾಹುಬಲಿಸ್ವಾಮಿಯ ಕಾಲ ಬಳಿಯ ಹುತ್ತವನ್ನೂ ಹಾವುಗಳನ್ನೂ ತೋಳಿಗೆ ಹಬ್ಬಿದ ಮಾಧವಿಬಳ್ಳಿಯನ್ನೂ ಕಡೆದ ಶಿಲ್ಪಿಗೆ ಈ ಮಾತು ಚೆನ್ನಾಗಿ ಗೊತ್ತಿತ್ತು.

ಮೊದಲು ವಿಷಯದ ಮೂಲವನ್ನು ತಿಳಿಯೋಣ. ಕಮಲಾಪುರದ ಕೆಂಪು ಬಾಳೆ ನಾಡಿಗೆಲ್ಲ ಪ್ರಸಿದ್ಧವಾದುದು. ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದುದು. ಇದೇ ಗಡ್ಡೆಯನ್ನು ಒಯ್ದು ಎರೆಭೂಮಿಯ ಬಟ್ಟಬಯಲಿನಲ್ಲಿ ನೆಟ್ಟರೆ ಅದೇ ಹಣ್ಣು ಬರುವುದಿಲ್ಲವೆಂದು ಇಲ್ಲಿಯ ತೋಟದವರಿಗೆ ನಾನು ಹೇಳಬೇಕಾಗಿಲ್ಲ. ಅದಕ್ಕೆ ಈ ತಗ್ಗಿನ ಕೆಂಪು ಮಣ್ಣು ಬೇಕು, ಈ ತೇವ ಬೇಕು. ಗಿರಿವಾಸಿ ಪ್ರಾಣಿಗಳೂ ಹೀಗೆಯೇ ಒಂದು ನಿರ್ದಿಷ್ಟ ತಂಪಿಗೆ, ನಿರ್ದಿಷ್ಟ ಮಂಜಿಗೆ ಒಗ್ಗಿದವು. ಎತ್ತರಕ್ಕೆ ಏರಿದಂತೆ ಪ್ರತಿ ಸಾವಿರ ಮೀಟರಿಗೆ ಸುಮಾರು 6 ಡಿಗ್ರಿಗಳಷ್ಟು ಉಷ್ಣತೆ ಇಳಿಯುತ್ತದೆ. ಆದುದರಿಂದ ಭೂಮಿಯ ಉಷ್ಣತೆ ಒಂದು ಡಿಗ್ರಿ ಏರಿತೆಂದರೆ, ಮೊದಲಿನ ತಂಪನ್ನೇ ಅರಸುವ ಪ್ರಾಣಿಯು ಸುಮಾರು 150 ಮೀಟರು ಮೇಲಕ್ಕೆ ಹೋಗಬೇಕಾಗುತ್ತದೆ. ಕೈಗಾರಿಕಾ ಯುಗಕ್ಕೆ ಮೊದಲಿದ್ದುದಕ್ಕಿಂತ 2024ನೆಯ ವರ್ಷವು ಸುಮಾರು ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾಗಿತ್ತೆಂದು ವಿಶ್ವ ಹವಾಮಾನ ಸಂಸ್ಥೆಯು ತಿಳಿಸಿದೆ. ಅದು ಅಳತೆ ಮಾಡಿ ದಾಖಲಿಸಿದ ವರ್ಷಗಳಲ್ಲೆಲ್ಲ ಅತ್ಯಂತ ಬಿಸಿಯಾದ ವರ್ಷ. ಒಂದೂವರೆ ಡಿಗ್ರಿ ನಮಗೆ ಅಲ್ಪವೆನಿಸಬಹುದು. 43 ಡಿಗ್ರಿಯ ಬಿಸಿಲಿನಲ್ಲಿ ರಾಶಿ ಮಾಡುವ ನಮ್ಮ ಜನಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಬೆಟ್ಟದ ಜೀವಿಗೆ ಅದು ಸ್ಥಳದ ಪ್ರಶ್ನೆ.

ಸ್ಥಳದ ಪ್ರಶ್ನೆ ಹೇಗೆಂದರೆ: ಕಣದಲ್ಲಿ ತೊಗರಿಯ ರಾಶಿ ಹಾಕಿದ್ದೇವೆ ಎಂದುಕೊಳ್ಳಿ. ಅಕಾಲ ಮಳೆ ಬಂದು ಸುತ್ತಲೂ ನೀರು ನಿಂತಿತು. ರಾಶಿಯ ಮೇಲಿದ್ದ ಇರುವೆಗಳು ನೀರೇರಿದಂತೆ ಮೇಲೇರುತ್ತವೆ. ರಾಶಿಯ ಅರ್ಧ ಎತ್ತರಕ್ಕೆ ನೀರು ಬಂದರೆ ಅವುಗಳಿಗೆ ಉಳಿಯುವ ಜಾಗ ಅರ್ಧವಲ್ಲ, ಕಾಲುಭಾಗ ಮಾತ್ರ. ಏಕೆಂದರೆ ರಾಶಿ ಮೇಲಕ್ಕೆ ಹೋದಂತೆ ಕಿರಿದಾಗುತ್ತದೆ. ಮಳಖೇಡದ ಅಮೋಘವರ್ಷನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರ ನಾಡಿನವರಿಗೆ ಈ ಲೆಕ್ಕ ಕಷ್ಟವೇನಲ್ಲ. ಕೊನೆಗೆ ಇರುವೆಗಳೆಲ್ಲ ತುದಿಗೆ ಬಂದು ಸೇರುತ್ತವೆ. ಅದರ ಮೇಲೆ ಹತ್ತಲು ತೊಗರಿ ಇಲ್ಲ, ಆಕಾಶ ಮಾತ್ರ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಅಲ್ಲಿ 1,700 ಮೀಟರಿನಲ್ಲಿ ಬಾಳುವ ಹಕ್ಕಿಗೆ ಇನ್ನು ಮೇಲೆ ಉಳಿದಿರುವ ಬೆಟ್ಟ 230 ಮೀಟರು ಮಾತ್ರ.

ಇದು ಕೇವಲ ಊಹೆಯಲ್ಲ. ದಕ್ಷಿಣ ಅಮೆರಿಕದ ಪೆರು ದೇಶದ ಒಂದು ಬೆಟ್ಟದಲ್ಲಿ 1985ರಲ್ಲಿ ಪಕ್ಷಿಗಳನ್ನು ಎತ್ತರದ ಅನುಸಾರ ಎಣಿಸಿದ್ದರು. 2017ರಲ್ಲಿ ವಿಜ್ಞಾನಿಗಳು ಅದೇ ಬೆಟ್ಟಕ್ಕೆ ಮರಳಿ ಹೋಗಿ ಪುನಃ ಎಣಿಸಿದರು. ಬಹುತೇಕ ಪಕ್ಷಿಗಳು ಮೇಲಕ್ಕೆ ಸರಿದಿದ್ದವು. ಶಿಖರದಲ್ಲಿ ಮೊದಲು ಸಾಮಾನ್ಯವಾಗಿ ಕಾಣುತ್ತಿದ್ದ ಹಲವು ಜಾತಿಗಳು ಕಾಣಲೇ ಇಲ್ಲ. ಮಧ್ಯ ಅಮೆರಿಕದ ಕೋಸ್ಟರಿಕಾದ ಮಾಂಟೆವೆರ್ಡೆ ಎಂಬ ಮಂಜಿನ ಕಾಡಿನಲ್ಲಿ ಒಂದು ಹೊಂಬಣ್ಣದ ಕಪ್ಪೆ ಇತ್ತು. 1987ರಲ್ಲಿ ಅವುಗಳಲ್ಲಿ ಸಾವಿರದ ಐನೂರಕ್ಕೂ ಹೆಚ್ಚು ಕೂಡುವ ಕಾಲದಲ್ಲಿ ನೆರೆದಿದ್ದನ್ನು ಕಂಡಿದ್ದರು. 1989ರಲ್ಲಿ ಕಂಡದ್ದು ಒಂದೇ ಒಂದು ಗಂಡು. ಆಮೇಲೆ ಯಾರಿಗೂ ಅದು ಕಾಣಲಿಲ್ಲ. ಅದರ ನಾಶಕ್ಕೆ ಒಂದು ಬಗೆಯ ಬೂಷ್ಟುರೋಗವೂ ಆ ವರ್ಷಗಳ ಅಸಾಧಾರಣ ಒಣಹವೆಯೂ ಕಾರಣವೆಂದು ಹೇಳುತ್ತಾರೆ. ಯಾವುದರ ಪಾಲು ಎಷ್ಟೆಂಬುದರಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟುವುದು ಸತ್ಯವ್ರತಕ್ಕೆ ಸಲ್ಲದ ಮಾತು. ಆದರೆ 2023ರಲ್ಲಿ ಪ್ರಕಟವಾದ ಜಗತ್ತಿನ ಉಭಯವಾಸಿಗಳ ಸಮೀಕ್ಷೆಯ ಪ್ರಕಾರ ಕಪ್ಪೆ ಮುಂತಾದ ಈ ವರ್ಗದ ಜೀವಿಗಳಲ್ಲಿ ಶೇಕಡಾ 41ರಷ್ಟು ಅಳಿವಿನ ಭೀತಿಯಲ್ಲಿವೆ. 2004ರಿಂದೀಚೆಗೆ ಸ್ಥಿತಿ ಹದಗೆಟ್ಟ ಜಾತಿಗಳಲ್ಲಿ ಶೇಕಡಾ 39ಕ್ಕೆ ಹವಾಗುಣದ ಬದಲಾವಣೆಯೇ ಮುಖ್ಯ ಕಾರಣ.

ಇನ್ನು ನಮ್ಮ ನಾಡಿಗೆ ಬರೋಣ. ಸಹ್ಯಾದ್ರಿಯ ನೆತ್ತಿಯ ಮೇಲೆ, ಬಾಬಾಬುಡನ್‌ಗಿರಿ, ಕುದುರೆಮುಖ, ಬ್ರಹ್ಮಗಿರಿಗಳಲ್ಲಿ ಒಂದು ವಿಶಿಷ್ಟ ಬಗೆಯ ಕಾಡಿದೆ. ಬೆಟ್ಟದ ಬೆನ್ನೆಲ್ಲ ಹುಲ್ಲು. ಎರಡು ಬೆನ್ನುಗಳು ಕೂಡುವ ಮಡಿಲಿನಲ್ಲಿ ಮಾತ್ರ ಕುಳ್ಳಾದ, ದಟ್ಟವಾದ, ಪಾಚಿ ಹೊದ್ದ ಮರಗಳು. ಇದನ್ನು ಶೋಲಾ ಎನ್ನುತ್ತಾರೆ. ಮಳೆಗಾಲದ ನೀರನ್ನು ಹುಲ್ಲೂ ಶೋಲೆಯೂ ಸೇರಿ ಹಿಡಿದಿಟ್ಟು, ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವುದು ಈ ಬಗೆಯ ಬೆಟ್ಟಗಳಲ್ಲಿ. ತುಂಗಭದ್ರೆಯ ನೀರು ರಾಯಚೂರಿನ ಗದ್ದೆಗಳವರೆಗೆ ಬರುತ್ತದೆಂಬುದು ತಮಗೆ ತಿಳಿದೇ ಇದೆ. ಹೀಗೆ ನೋಡಿದರೆ ಮಲೆನಾಡಿನ ಬೆಟ್ಟ ನಮ್ಮ ಸೀಮೆಗೆ ಅಷ್ಟೇನೂ ದೂರವಲ್ಲ.

ಈ ಶೋಲೆಗಳಲ್ಲಿ ನೆಲದ ಮೇಲೆ ಕುಪ್ಪಳಿಸುತ್ತ ಹುಳು ಹೆಕ್ಕುವ ಒಂದು ಸಣ್ಣ ನೀಲಿ ಹಕ್ಕಿಯಿದೆ. ವಿಜ್ಞಾನಿಗಳು ಅದರ ಕುಲಕ್ಕೇ ಶೋಲೆಯ ಹೆಸರನ್ನಿಟ್ಟಿದ್ದಾರೆ. ಅದು ಬಿಸಿಯಾದ ಕಣಿವೆಗೆ ಇಳಿಯುವುದಿಲ್ಲ. ಒಂದು ಬೆಟ್ಟದ ಹಕ್ಕಿ ಇನ್ನೊಂದು ಬೆಟ್ಟಕ್ಕೆ ಹೋಗುವುದು ಬಲು ಅಪರೂಪ. ಪಾಲಕ್ಕಾಡ್ ಕಣಿವೆಯ ಉತ್ತರಕ್ಕೆ ಒಂದು ಜಾತಿ, ದಕ್ಷಿಣಕ್ಕೆ ಬೇರೆ ಜಾತಿ ಆಗಿರುವಷ್ಟು ಹಿಂದಿನಿಂದ ಇವು ತಮ್ಮ ತಮ್ಮ ಬೆಟ್ಟಗಳಲ್ಲೇ ನಿಂತಿವೆ. ಸುತ್ತಲ ಬಯಲು ಸಮುದ್ರ, ಬೆಟ್ಟದ ತಲೆ ದ್ವೀಪ ಎಂಬಂತೆ ಅವುಗಳ ಬಾಳು. ನಮ್ಮ ಮುನಿಗಳು ದಿಗ್ವ್ರತದಿಂದ ದಿಕ್ಕುಗಳಿಗೆ ಮಿತಿ ಹಾಕಿಕೊಳ್ಳಬೇಕೆಂದು ಶ್ರಾವಕರಿಗೆ ಉಪದೇಶಿಸಿದರು. ಈ ಹಕ್ಕಿಗೆ ಆ ವ್ರತ ಹುಟ್ಟಿನಿಂದಲೇ ಬಂದಿದೆ. ವ್ರತ ಮೀರಿದ್ದು ನಾವು.

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಸೀಮೆಯಲ್ಲಿ ಕೊಟ್ಟಿಗೆಹಾರ ಎಂಬ ಊರಿದೆ. ಧರ್ಮಸ್ಥಳಕ್ಕೆ ಚಾರ್ಮಾಡಿ ಘಾಟಿನಲ್ಲಿ ಹೋಗುವವರು ಅಲ್ಲಿ ನೀರುದೋಸೆ ತಿಂದಿರುತ್ತೀರಿ. ಆ ಊರಿನ ಹೆಸರನ್ನೇ ಹೊತ್ತ ಒಂದು ಕುಣಿಯುವ ಕಪ್ಪೆ ಸುತ್ತಲ ತೊರೆಗಳಲ್ಲಿದೆ. ತೊರೆಯ ಸದ್ದಿನಲ್ಲಿ ಕೂಗು ಕೇಳಿಸದೆಂದು ಗಂಡು ಕಪ್ಪೆಯು ಕಲ್ಲಿನ ಮೇಲೆ ಕುಳಿತು ಹಿಂಗಾಲನ್ನು ಚಾಚಿ, ಬೆರಳ ನಡುವಿನ ಪೊರೆಯನ್ನು ಪತಾಕೆಯಂತೆ ಬಿಡಿಸಿ ಬೀಸುತ್ತದೆ. ಇಂದು ಅದು ಅತ್ಯಂತ ಅಪಾಯದ ಪಟ್ಟಿಯಲ್ಲಿದೆ. ಉತ್ತರ ಕನ್ನಡದ ಕಾಡಿನ ಹಳ್ಳಗಳಲ್ಲಿ ಇನ್ನೊಂದು ಕಪ್ಪೆಯಿದೆ. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಗಂಡು ತನ್ನ ಮುಂಗೈಗಳಿಂದ ಹಸಿಮಣ್ಣನ್ನು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. 2014ರಲ್ಲಿ ಇದನ್ನು ಜಗತ್ತಿಗೆ ಪರಿಚಯಿಸಿದ ವಿದ್ವಾಂಸರು ಅದಕ್ಕೆ 'ಕುಂಬಾರ' ಎಂಬ ಕನ್ನಡದ ಹೆಸರನ್ನೇ ವೈಜ್ಞಾನಿಕ ನಾಮವಾಗಿ ಇಟ್ಟರು. ಆ ಮಣ್ಣು ಒಣಗಿದರೆ ಕುಂಬಾರನ ಕೆಲಸವೆಲ್ಲ ವ್ಯರ್ಥ.

ಇಲ್ಲಿ ಒಂದು ಸಂಗತಿ ನನ್ನ ಮನಸ್ಸನ್ನು ಬಹಳ ಕಾಡುತ್ತದೆ. ಮಳೆಗಾಲದಲ್ಲಿ ನೆಲದ ಮೇಲೆ ಸೂಕ್ಷ್ಮಜೀವಿಗಳು ಹೆಚ್ಚಾಗುತ್ತವೆಂದು, ಅವು ಕಾಲಿಗೆ ಸಿಕ್ಕಬಾರದೆಂದು, ನಮ್ಮ ಮುನಿಗಳು ಆಷಾಢದಿಂದ ದೀಪಾವಳಿಯ ಆಸುಪಾಸಿನವರೆಗೆ ವಿಹಾರವನ್ನು ನಿಲ್ಲಿಸಿ ಒಂದೆಡೆ ಚಾತುರ್ಮಾಸ ಮಾಡುತ್ತಾರೆ. ಸಾವಿರಾರು ವರ್ಷಗಳ ಹಿಂದೆ ಮಳೆಯ ಕಾಲವನ್ನು ನೋಡಿಯೇ ಅಹಿಂಸೆಯ ಈ ಕಾಲವನ್ನು ಗೊತ್ತುಮಾಡಿದರು. ತೊರೆಯ ಕಪ್ಪೆಯೂ ಅದೇ ಪಂಚಾಂಗದವನೇ. ಮಳೆ ನೋಡಿ ಮೊಟ್ಟೆ, ಮಳೆ ನೋಡಿ ಮರಿ. ಈಗ ಮಳೆ ತನ್ನ ತಿಥಿಯನ್ನು ಮರೆಯುತ್ತಿದೆ. ಬಾರದ ಹೊತ್ತಿನಲ್ಲಿ ಬಂದು, ಬರಬೇಕಾದಾಗ ವಾರಗಟ್ಟಲೆ ಕಾಣೆಯಾಗಿ, ಮತ್ತೆ ಒಂದೇ ದಿನದಲ್ಲಿ ತಿಂಗಳ ಮಳೆ ಸುರಿಯುತ್ತದೆ. 2020ರ ಅಕ್ಟೋಬರಿನಲ್ಲಿ ಭೀಮಾನದಿ ನಮ್ಮ ಜಿಲ್ಲೆಯ ಊರುಗಳಿಗೆ ನುಗ್ಗಿದ್ದನ್ನು ಮರೆತವರಾರು? ಮುನಿಗಳು ಬೇಕಾದರೆ ಇನ್ನೊಂದು ವಾರ ನಿಂತು ವಿಹಾರ ಹೊರಟಾರು. ಕಪ್ಪೆಗೆ ಆ ವಿವೇಚನೆ ಎಲ್ಲಿಯದು? ಮೊದಲ ಮಳೆಗೆ ಮೊಟ್ಟೆಯಿಟ್ಟಾಗಿರುತ್ತದೆ; ಎರಡನೆಯ ಮಳೆ ಬಾರದಿದ್ದರೆ ಆ ವರ್ಷದ ಸಂತತಿ ಅಲ್ಲಿಗೆ ಮುಗಿಯಿತು.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನ ಕುಂದಾದ್ರಿಯನ್ನು ದರ್ಶನ ಮಾಡಿದವರು ಈ ಸಭೆಯಲ್ಲಿ ಅನೇಕರಿರಬಹುದು. ಬಂಡೆಯ ನೆತ್ತಿಯ ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕೊಳ, ಕೆಳಗೆ ಕಣ್ಣು ಹಾಯುವವರೆಗೆ ಆಗುಂಬೆಯ ಕಾಡು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ನಮ್ಮ ಕಡೆಯದು ಅದರ ಹತ್ತರಲ್ಲೊಂದು ಪಾಲಿನಷ್ಟು. ಆ ಕಾಡಿನ ಅರಸು ಕಾಳಿಂಗ ಸರ್ಪ. ಹಾವುಗಳಲ್ಲಿ ಗೂಡು ಕಟ್ಟುವುದು ಇದೊಂದೇ. ಹೆಣ್ಣು ತನ್ನ ಮೈಯ ಸುರುಳಿಯಿಂದ ತರಗೆಲೆಗಳನ್ನು ರಾಶಿಮಾಡಿ ಅದರೊಳಗೆ ಮೊಟ್ಟೆಯಿಟ್ಟು ಕಾವಲು ಕೂಡುತ್ತದೆ. ರಾಶಿಯ ಒಳಗಣ ಹದವಾದ ಬಿಸಿ ಮತ್ತು ತೇವವೇ ಮರಿಗಳನ್ನು ಬೆಳೆಸಬೇಕು. 2024ರಲ್ಲಿ ಪಶ್ಚಿಮ ಘಟ್ಟದ ಕಾಳಿಂಗವು ಬೇರೆಯದೇ ಜಾತಿಯೆಂದು ನಿರ್ಣಯವಾಗಿ, ಅದಕ್ಕೂ 'ಕಾಳಿಂಗ' ಎಂಬ ನಮ್ಮ ಮಾತೇ ವೈಜ್ಞಾನಿಕ ನಾಮವಾಯಿತು. ಪಾರ್ಶ್ವನಾಥರ ತಲೆಯ ಮೇಲೆ ಹೆಡೆಯೆತ್ತಿದ ಧರಣೇಂದ್ರನಿಗೆ ನಾವು ಕೈಮುಗಿಯುತ್ತೇವೆ. ಬೆಟ್ಟದ ಬುಡದಲ್ಲಿ ಹೆಡೆಯೆತ್ತಿದವನ ಕ್ಷೇಮವನ್ನೂ ಒಂದಿಷ್ಟು ವಿಚಾರಿಸುವುದು ಅಸಂಗತವಲ್ಲ. ಲಾಂಛನಗಳಾಗಿ ನಮ್ಮ ಪೀಠಗಳ ಮೇಲೆ ಕುಳಿತಿರುವ ಕಪಿ, ಸರ್ಪ, ಸಿಂಹ, ಹರಿಣಗಳೆಲ್ಲ ಎಂದೋ ಕಾಡಿನಲ್ಲಿ ಯಾರೋ ಕಣ್ಣಾರೆ ಕಂಡವು. ಶರಾವತಿ, ಅಘನಾಶಿನಿ ಕಣಿವೆಗಳ ಸಿಂಗಳೀಕ ಈ ಸಹ್ಯಾದ್ರಿಯಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಕಪಿ. ಅದರ ಸಲುವಾಗಿ 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಒಂದು ಸಂರಕ್ಷಣಾ ಮೀಸಲು ಘೋಷಣೆಯಾಗಿದೆ.

ಕೈಲಾಸದ ಕಡೆಗೂ ಒಮ್ಮೆ ದೃಷ್ಟಿ ಹಾಯಿಸೋಣ. ಹಿಮಾಲಯದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ 2011ರಿಂದ 2020ರವರೆಗಿನ ದಶಕದಲ್ಲಿ ಶೇಕಡಾ 65ರಷ್ಟು ವೇಗವಾಗಿ ಕರಗಿವೆಯೆಂದು ಕಾಠ್ಮಂಡುವಿನ ಪರ್ವತ ಅಧ್ಯಯನ ಕೇಂದ್ರದ 2023ರ ವರದಿ ಹೇಳುತ್ತದೆ. ಅಲ್ಲಿಯ ಹಿಮಚಿರತೆಗಳನ್ನು ನಮ್ಮ ದೇಶದಲ್ಲಿ ಮೊತ್ತಮೊದಲ ಬಾರಿಗೆ ಎಣಿಸಿ 2024ರ ಜನವರಿಯಲ್ಲಿ ಪ್ರಕಟಿಸಿದ ಸಂಖ್ಯೆ 718. ಅದರಲ್ಲಿ 477 ಲಡಾಖಿನವು. ಒಂದು ದೊಡ್ಡ ಕಲ್ಯಾಣಮಂಟಪದಲ್ಲಿ ಊಟಕ್ಕೆ ಕೂಡುವ ಒಂದು ಪಂಕ್ತಿಯ ಜನರಿಗಿಂತ ಹೆಚ್ಚಲ್ಲ, ಇಡೀ ಭಾರತದ ಹಿಮಚಿರತೆಗಳು. ಮರಗಳ ಗೆರೆ ಮೇಲೇರಿದಂತೆ ಅದರ ಬೋಳುಬಂಡೆಗಳ ಸಾಮ್ರಾಜ್ಯ ಕಿರಿದಾಗುತ್ತದೆ. ಅದರ ಆಹಾರವಾದ ಕಾಡುಕುರಿಗಳ ಹುಲ್ಲುಗಾವಲೂ ಸರಿಯುತ್ತದೆ.

ಈಗ ನೇಮಿನಾಥರ ವಿಷಯಕ್ಕೆ ಬರುತ್ತೇನೆ. ಮಳಖೇಡದ ನೇಮಿನಾಥ ಬಸದಿ ನಮ್ಮ ಜಿಲ್ಲೆಯ ಜೈನರ ಹೃದಯದಲ್ಲಿರುವ ತಾಣ. ಕನ್ನಡದಲ್ಲಿ ಕರ್ಣಪಾರ್ಯನಿಂದ ನೇಮಿಚಂದ್ರನವರೆಗೆ ಕವಿಗಳು ಆ ಸ್ವಾಮಿಯ ಚರಿತೆಯನ್ನು ಹಾಡಿದ್ದಾರೆ. ರಾಜೀಮತಿಯ ಕೈಹಿಡಿಯಲು ರಥವೇರಿ ಬಂದ ನೇಮಿಕುಮಾರನಿಗೆ ದಾರಿಯಲ್ಲಿ ಬೇಲಿಯೊಳಗೆ ಕೂಡಿಹಾಕಿದ ಪಶುಗಳ ಆರ್ತನಾದ ಕೇಳಿಸಿತು. ಇವೇಕೆ ಇಲ್ಲಿವೆ ಎಂದು ಸಾರಥಿಯನ್ನು ಕೇಳಿದನು. ತಮ್ಮ ವಿವಾಹದ ಭೋಜನಕ್ಕಾಗಿ ಎಂಬ ಉತ್ತರ ಬಂದಿತು. ರಥ ಹಿಂದಕ್ಕೆ ತಿರುಗಿತು, ಗಿರ್ನಾರನ್ನೇರಿತು. ಇದು ನಮ್ಮ ಮಕ್ಕಳಿಗೂ ಗೊತ್ತಿರುವ ಕಥೆ. ಆದರೆ ಒಂದು ಅಂಶವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ನೇಮಿಕುಮಾರನು ಆ ಪಶುಗಳನ್ನು ಕಟ್ಟಿರಲಿಲ್ಲ, ಕಟ್ಟೆಂದು ಹೇಳಿರಲಿಲ್ಲ, ಕಟ್ಟಿದ್ದಾರೆಂಬುದು ಅವನಿಗೆ ಗೊತ್ತೂ ಇರಲಿಲ್ಲ. ಅವನ ನಿಮಿತ್ತವಾಗಿ ಅದು ನಡೆದಿತ್ತು, ಅಷ್ಟೇ. ಕೃತ, ಕಾರಿತ, ಅನುಮೋದಿತ ಎಂದು ನಮ್ಮ ಶಾಸ್ತ್ರಕಾರರು ಹಿಂಸೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದ್ದಕ್ಕೆ ಒಪ್ಪಿದ್ದು. ನೇಮಿಕುಮಾರನಾದರೋ ಈ ಮೂರರ ಅಂಚಿನಲ್ಲಿ, ತನ್ನ ಹೆಸರಿನಲ್ಲಿ ನಡೆದದ್ದಕ್ಕೂ ತಾನು ಹೊಣೆಯೆಂದು ತಿಳಿದನು.

ಇದನ್ನು ಹೇಳಲು ಕಾರಣವಿದೆ. ಹಿಮಚಿರತೆಗೆ ನಾವಾರೂ ಕಲ್ಲೆಸೆದಿಲ್ಲ. ಕೊಟ್ಟಿಗೆಹಾರದ ಕಪ್ಪೆಯನ್ನು ತುಳಿದಿಲ್ಲ. ಇರುವೆ ಸಾಯಬಾರದೆಂದು ನೀರು ಸೋಸಿ ಕುಡಿಯುವ ಜನ ನಾವು. ಆದರೆ ಕಲ್ಲಿದ್ದಲು, ಡೀಸೆಲು, ಪೆಟ್ರೋಲುಗಳನ್ನು ಉರಿಸಿದ ಹೊಗೆಯಲ್ಲಿರುವ ಇಂಗಾಲದ ಡೈ ಆಕ್ಸೈಡ್ ಆಕಾಶವನ್ನು ಸೇರಿ, ಭೂಮಿಯ ಬಿಸಿ ಹೊರಗೆ ಹೋಗದಂತೆ ಕಂಬಳಿ ಹೊದಿಸುತ್ತಿದೆ. ಕೈಗಾರಿಕಾ ಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಅದು 280 ಭಾಗವಿತ್ತು. ಈಗ 420ನ್ನು ದಾಟಿದೆ. ಬಹುಪಾಲು ಹೊಗೆ ಶ್ರೀಮಂತ ದೇಶಗಳದು ಎಂಬ ಆಕ್ಷೇಪ ಸರಿಯಾದದ್ದೇ. ಕಬ್ಬು ಕಡಿಯುವ ಕೂಲಿಯ ಪಾಲನ್ನೂ ನಾಲ್ಕು ಕಾರುಗಳುಳ್ಳವನ ಪಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ ವ್ಯಾಪಾರ ವ್ಯವಹಾರಗಳಲ್ಲಿ ಒಳ್ಳೆಯ ಸ್ಥಿತಿಗೆ ಬಂದಿರುವ ನಮ್ಮ ಸಮಾಜದ ಅನೇಕರು ಆ ಕೂಲಿಯ ಕಡೆಗೆ ನಿಂತು ಈ ವಾದವನ್ನು ಮಾಡುವುದು ಶೋಭಿಸದು.

ನಮ್ಮ ಜಿಲ್ಲೆಯ ಮಾತನ್ನೇ ತೆಗೆದುಕೊಳ್ಳಿ. ಜಿನಸೇನ, ಗುಣಭದ್ರರು ಇದ್ದ ಮಾನ್ಯಖೇಟದ ಸುತ್ತಲ ನೆಲವೆಲ್ಲ ಸುಣ್ಣಕಲ್ಲು. ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಕಡೆ ಹೋದರೆ ಸಿಮೆಂಟಿನ ಗೂಡುಗಳು ಕಾಣುತ್ತವೆ. ಸಿಮೆಂಟಿನ ಒಂದು ವಿಶೇಷವಿದೆ. ಅದನ್ನು ಕಾಯಿಸಲು ಉರಿಸುವ ಕಲ್ಲಿದ್ದಲಿನಿಂದ ಹೊಗೆ ಬರುವುದಷ್ಟೇ ಅಲ್ಲ, ಕಲ್ಲಿನೊಳಗಿನಿಂದಲೇ ಅನಿಲ ಹೊರಡುತ್ತದೆ. ನೂರು ಕಿಲೋ ಶುದ್ಧ ಸುಣ್ಣಕಲ್ಲನ್ನು ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಸೇರುತ್ತದೆ. ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಶೇಕಡಾ 7-8. ಈ ಕಾರ್ಖಾನೆಗಳಿಂದ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ಅವನ್ನು ಮುಚ್ಚಿರೆಂದು ಹೇಳುವ ಧೈರ್ಯವಾಗಲಿ ಇಚ್ಛೆಯಾಗಲಿ ನನಗಿಲ್ಲ. ಇಂದು ಸಿಮೆಂಟಿಲ್ಲದೆ ಮನೆಯೂ ಏಳುವುದಿಲ್ಲ, ಬಸದಿಯೂ ಏಳುವುದಿಲ್ಲ. ಅಂಗಾರಕರ್ಮ, ವನಕರ್ಮ, ಸ್ಫೋಟಕರ್ಮ, ಕಾಡಿಗೆ ಬೆಂಕಿಯಿಡುವುದು, ಕೆರೆ ಬತ್ತಿಸುವುದು ಮುಂತಾದ ವೃತ್ತಿಗಳನ್ನು ಖರಕರ್ಮಗಳೆಂದು ಕರೆದು ಶ್ರಾವಕನು ಬಿಡಬೇಕೆಂದು ಹಿಂದಿನವರು ವಿಧಿಸಿದ್ದರು. ಇದ್ದಿಲು ಸುಡುವುದು, ಮರ ಕಡಿಯುವುದು, ಗಣಿ ಅಗೆಯುವುದು. ಅಂದು ಆ ಪಟ್ಟಿಯನ್ನು ಓದಿದವರಿಗೆ ಇವು ಬೇರೆ ಬೇರೆ ದೋಷಗಳಾಗಿ ಕಂಡಿರಬೇಕು. ಇಂದು ಓದಿದರೆ ಇವೆಲ್ಲ ಸೇರಿ ಒಂದೇ ಕಾರಣದ ಪಟ್ಟಿಯಂತೆ ತೋರುತ್ತದೆ. ಆ ನಿಯಮಗಳನ್ನು ಅಕ್ಷರಶಃ ಪಾಲಿಸುವುದು ಇಂದಿನ ಗೃಹಸ್ಥನಿಗೆ ಸಾಧ್ಯವಿಲ್ಲ. ಆದರೆ ಅನರ್ಥದಂಡದ ಮಾತು ಬೇರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಉರಿಸುವುದು, ಗಿಡ ಕಡಿಯುವುದು, ಸುಮ್ಮನೆ ಅಲೆಯುವುದು, ಇವನ್ನು ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಹೆಸರಿಸಿದರು. ಬೇಕಾದ ಬೆಂಕಿಯನ್ನಲ್ಲ, ಬೇಡದ ಬೆಂಕಿಯನ್ನು ಬಿಡು ಎಂಬುದಷ್ಟೇ ಅಲ್ಲಿಯ ತಾತ್ಪರ್ಯ. ಇದು ಯಾವ ಸಂಸಾರಿಗೂ ಅಸಾಧ್ಯವಾದುದಲ್ಲ.

ಇಷ್ಟೆಲ್ಲ ಕೇಳಿದ ಮೇಲೆ, ಬಿಸಿಯಂತೂ ಏರಿಯಾಯಿತು, ಇನ್ನು ಮಾಡುವುದೇನಿದೆ ಎಂಬ ನಿರಾಶೆ ಬರಬಹುದು. ಅದಕ್ಕೆ ಉತ್ತರವಾಗಿ ಒಂದು ಸಂಶೋಧನೆಯನ್ನು ಹೇಳುತ್ತೇನೆ. ಅರುಣಾಚಲ ಪ್ರದೇಶದ ಈಗಲ್‌ನೆಸ್ಟ್ ಅಭಯಾರಣ್ಯದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವರ್ಷವರ್ಷವೂ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಉಂಗುರ ತೊಡಿಸಿ, ನೋವಾಗದಂತೆ ಬಿಟ್ಟು, ಮರುವರ್ಷ ಎಷ್ಟು ಉಳಿದವೆಂದು ನೋಡುತ್ತ ಬಂದಿದ್ದಾರೆ. ಕೊಡಲಿ ಬೀಳದ ಕಾಡಿನಲ್ಲಿ ಹಕ್ಕಿಗಳು ಹೆಚ್ಚು ಉಳಿಯುತ್ತವೆ. ಮರ ಕಡಿದ ಕಾಡಿನಲ್ಲಿ ಕಡಿಮೆ, ಏಕೆಂದರೆ ಅಲ್ಲಿ ನೆಲದ ಬಳಿ ಬಿಸಿ ಹೆಚ್ಚು, ತೇವ ಕಡಿಮೆ. ಇದರ ಅರ್ಥವೇನು? ಆಕಾಶದ ಬಿಸಿಯನ್ನು ಒಂದು ಊರು, ಒಂದು ರಾಜ್ಯ ಇಳಿಸಲಾರದು. ಆದರೆ ಬೆಟ್ಟದ ಬುಡದಿಂದ ತುದಿಯವರೆಗೆ ಕಾಡನ್ನು ಕಡಿಯದೆ, ನಡುವೆ ರಸ್ತೆ ರೆಸಾರ್ಟುಗಳಿಂದ ತುಂಡರಿಸದೆ ಬಿಟ್ಟರೆ, ಪ್ರಾಣಿಗಳಿಗೆ ಏರಲು ಮೆಟ್ಟಿಲು ಉಳಿಯುತ್ತದೆ, ನೆರಳು ಉಳಿಯುತ್ತದೆ, ಕಾಲಾವಕಾಶ ಸಿಗುತ್ತದೆ.

ಕಾಡನ್ನು ಉಳಿಸಿದ ಉದಾಹರಣೆ ನಮ್ಮಲ್ಲಿಲ್ಲವೆಂದಲ್ಲ. ಕುದುರೆಮುಖ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರೊಳಗೆ ಕಬ್ಬಿಣದ ಅದಿರಿನ ಗಣಿ ನಡೆದೇ ಇತ್ತು. ಅನೇಕ ವರ್ಷಗಳ ಹೋರಾಟದ ಬಳಿಕ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ತೀರ್ಪಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿಯನ್ನು ನೆಚ್ಚಿದ್ದ ಕುಟುಂಬಗಳು ಕಷ್ಟಪಟ್ಟವು ಎಂಬುದನ್ನೂ ಹೇಳಬೇಕು. ಪಶ್ಚಿಮ ಘಟ್ಟದ 39 ತಾಣಗಳು 2012ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ಅವುಗಳಲ್ಲಿ 10 ಕರ್ನಾಟಕದವಾಗಿದ್ದವು.

ಸಮ್ಮೇದಶಿಖರದ ಪ್ರಸಂಗವಂತೂ ತಮ್ಮೆಲ್ಲರ ನೆನಪಿನಲ್ಲಿದೆ. ಝಾರ್ಖಂಡದ ಆ ಪಾರಸನಾಥ ಬೆಟ್ಟ ವನ್ಯಜೀವಿ ಧಾಮವೂ ಹೌದು. 2019ರ ಆಗಸ್ಟಿನಲ್ಲಿ ಅದರ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಘೋಷಿಸಿದಾಗ ಪ್ರವಾಸೋದ್ಯಮಕ್ಕೂ ಅವಕಾಶವಿತ್ತು. ಪವಿತ್ರ ಪರ್ವತ ವಿಹಾರಸ್ಥಳವಾಗಬಾರದೆಂದು ದೇಶಾದ್ಯಂತ ಜೈನರು ಬೀದಿಗಿಳಿದರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಅಲ್ಲಿಯ ಪ್ರವಾಸೋದ್ಯಮ ಚಟುವಟಿಕೆಗಳಿಗೆ ತಡೆಯಿತ್ತಿತು. ಮದ್ಯ ಮಾಂಸಗಳನ್ನು, ಧ್ವನಿವರ್ಧಕಗಳ ಗದ್ದಲವನ್ನು, ಗಿಡಮರ ಪ್ರಾಣಿಗಳಿಗೆ ಹಾನಿಮಾಡುವುದನ್ನು ನಿಷೇಧಿಸುವ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೆ ತರಲು ಸೂಚಿಸಿತು. ಮೇಲ್ವಿಚಾರಣಾ ಸಮಿತಿಯಲ್ಲಿ ಜೈನ ಸಮಾಜದ ಇಬ್ಬರಿಗೂ, ಆ ಬೆಟ್ಟವನ್ನು ಮರಾಂಗ್ ಬುರು ಎಂದು ಪೂಜಿಸುವ ಬುಡಕಟ್ಟಿನವರಲ್ಲಿ ಒಬ್ಬರಿಗೂ ಸ್ಥಾನ ಕೊಡಬೇಕೆಂದಿತು. ನಾವು ಕೇಳಿದ್ದು ಶಿಖರದ ಪಾವಿತ್ರ್ಯವನ್ನು. ಅದರ ಜೊತೆಗೆ ಅಲ್ಲಿಯ ಪಕ್ಷಿಮೃಗಗಳಿಗೂ ನೆಮ್ಮದಿ ದೊರಕಿತು. ಆದರೆ ಒಂದು ಮಾತು. ವಿಹಾರಕ್ಕೆ ಬಂದವನ ಪ್ಲಾಸ್ಟಿಕ್ ಸೀಸೆಗೂ ಯಾತ್ರೆಗೆ ಬಂದವನ ಪ್ಲಾಸ್ಟಿಕ್ ಸೀಸೆಗೂ ಬೆಟ್ಟದ ಜಿಂಕೆ ಭೇದವೆಣಿಸುವುದಿಲ್ಲ. ಗಿರ್ನಾರಿಗೆ 2020ರಲ್ಲಿ ಹಗ್ಗದ ದಾರಿಯಾಯಿತು. ವೃದ್ಧರಿಗೆ, ಅಶಕ್ತರಿಗೆ ಅದು ಮಹದುಪಕಾರ. ಗಟ್ಟಿಮುಟ್ಟಾದ ಇಪ್ಪತ್ತರ ಹರೆಯದವರು ಕಾಲ್ನಡಿಗೆಯಲ್ಲಿ, ಮೌನವಾಗಿ, ಬರಿಗೈಯಲ್ಲಿ ಹತ್ತಿ ಇಳಿದರೆ ವಂದನೆಯೂ ಆಯಿತು, ಬಂಡೆಗಳಲ್ಲಿ ಗೂಡುಕಟ್ಟಿದ ರಣಹದ್ದುಗಳಿಗೆ ಶಾಂತಿಯೂ ಆಯಿತು.

ಕೊನೆಯದಾಗಿ ನಮ್ಮ ಹಿತ್ತಲಿನ ಮಾತು. ನೆರೆಯ ಚಿಂಚೋಳಿಯ ಗುಡ್ಡಗಾಡು 2011ರಲ್ಲಿ ವನ್ಯಜೀವಿ ಧಾಮವಾಯಿತು. ವಿಸ್ತೀರ್ಣ 134.88 ಚದರ ಕಿಲೋಮೀಟರು. ದಕ್ಷಿಣ ಭಾರತದ ಒಣಭೂಮಿಯಲ್ಲಿ ಇಂಥದು ಮೊದಲನೆಯದೆಂಬ ಹೆಗ್ಗಳಿಕೆ ಅದಕ್ಕಿದೆ. ಕೃಷ್ಣಮೃಗ, ತೋಳ, ಕತ್ತೆಕಿರುಬಗಳ ಆಶ್ರಯ. ಮುಳ್ಳಯ್ಯನಗಿರಿಯ ಎದುರು ಇದು ಗುಡ್ಡವೇ ಅಲ್ಲ. ಇಲ್ಲಿಯ ಪ್ರಾಣಿಗಳಿಗೆ ಏರಿಹೋಗಲು ತಂಪಾದ ಶಿಖರವಿಲ್ಲ. ಅವುಗಳಿಗಿರುವುದು ಮರದ ನೆರಳು, ಹಳ್ಳದ ಮಡು, ಇವೆರಡೇ. ಏಪ್ರಿಲ್ ಮೇ ತಿಂಗಳಲ್ಲಿ ಮಡು ಬತ್ತಿದಾಗ, ಕಾಡಿನಂಚಿನಲ್ಲಿ ಯಾರೋ ಎಸೆದ ಬೀಡಿಯಿಂದ ಹುಲ್ಲಿಗೆ ಬೆಂಕಿ ಹತ್ತಿದಾಗ ಇವೆರಡೂ ಹೋಗುತ್ತವೆ.

ನಾನು ಸಮಿತಿಯ ಹಿರಿಯರಲ್ಲಿ ಎರಡು ವಿನಂತಿಗಳನ್ನು ಇಡುತ್ತೇನೆ. ನಮ್ಮ ತರುಣರು ಅರಣ್ಯ ಇಲಾಖೆಯ ಚಿಂಚೋಳಿ ಕಚೇರಿಯನ್ನು ಕಂಡು, ಬೇಸಿಗೆಯಲ್ಲಿ ನೀರಿನ ಹೊಂಡಗಳಿಗೆ, ಬೆಂಕಿಗೆರೆ ತೆಗೆಯುವ ಕೆಲಸಕ್ಕೆ ಯಾವ ನೆರವು ಬೇಕೆಂದು ಕೇಳಲಿ. ಇಲಾಖೆಯವರನ್ನು ಕೇಳದೆ ತಾವೇ ಹೋಗಿ ತೊಟ್ಟಿ ಇಡುವುದು ಬೇಡ. ತಪ್ಪು ಜಾಗದಲ್ಲಿಟ್ಟ ನೀರು ಬೇಟೆಗಾರನಿಗೆ ಅನುಕೂಲವಾಗುತ್ತದೆ. ಎರಡನೆಯದು, ಈ ಮಹೋತ್ಸವದ ಜಮಾಖರ್ಚನ್ನು ಪ್ರಕಟಿಸುವಾಗ ಜನರೇಟರುಗಳಿಗೂ ವಾಹನಗಳಿಗೂ ಎಷ್ಟು ಲೀಟರ್ ಡೀಸೆಲು ಖರ್ಚಾಯಿತೆಂಬುದನ್ನೂ ಒಂದು ಸಾಲಿನಲ್ಲಿ ಕಾಣಿಸಬೇಕು. ಒಂದು ಲೀಟರು ಡೀಸೆಲು ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈ ಆಕ್ಸೈಡ್ ಗಾಳಿಗೆ ಹೋಗುತ್ತದೆ. ಆ ಲೀಟರುಗಳನ್ನು 2.7ರಿಂದ ಗುಣಿಸಿ, ಬಂದ ಮೊತ್ತವನ್ನು ಪಕ್ಕದಲ್ಲಿ ಬರೆದರೆ ಸಾಕು. ಖಜಾಂಚಿಯವರಿಗೆ ಇದರಿಂದ ಹೆಚ್ಚಿನ ಶ್ರಮವಾಗದೆಂದು ನಂಬಿದ್ದೇನೆ. ಪಾವತಿಗಳು ಅವರ ಬಳಿಯಲ್ಲೇ ಇವೆ.

ಜೈ ಜಿನೇಂದ್ರ.